ಬಸ್ಸಿನಲ್ಲಿ ಬಂದ ಹೊಲ

ಆಕೆಯ ಎಡಗಣ್ಣಿನ ಕೆಳಗೆ ಸದಾ ಒಂದಿಷ್ಟು ಮಣ್ಣು ಮೆತ್ತಿರುತ್ತಿತ್ತು. ಬೆವರು ಒರೆಸಿಕೊಳ್ಳುವ ಕೈ ಯಾವಾಗಲೂ ಮಣ್ಣಾಗಿರುತ್ತಿದ್ದರೆ ಇನ್ನೇನಾದೀತು? ಎಪ್ಪತ್ತರ ದಶಕದ ಕೊನೆಯಲ್ಲಿ, ಮದುವೆಯಾದ ಹೊಸದರಲ್ಲಿ, ತಿಪಟೂರಿನ ಕೊಬ್ಬರಿ ಗೋದಾಮಿನ ಹಿಂದಿನ ವಠಾರಕ್ಕೆ ನಾನು ಬಂದಾಗ ಪಕ್ಕದ ಮನೆಯಲ್ಲಿದ್ದವಳು ಈ ಅಕ್ಕ. ಮುಖದಲ್ಲಿ ಮಣ್ಣಿದೆ ಎಂದು ಮೊದಲ ದಿನವೇ ಹೇಳಿದೆ. "ಇರ್ಲಿ ಬುಡು, ನಂದೇ ಅಲ್ವಾ," ಎಂದು ನಕ್ಕಳು.

ಐದು ಮನೆಗೆ ಸೇರಿ ಒಂದೇ ಹಿತ್ತಲು, ಅದರ ಉದ್ದಕ್ಕೂ ಕಲ್ಲು ಚಪ್ಪಡಿ. ಅಕ್ಕ ಆ ಕಲ್ಲಿನ ಮೇಲೇ ಬೇಸಾಯ ಹೂಡಿದ್ದಳು. ಒಡೆದ ಮಡಕೆ, ಎಣ್ಣೆ ಡಬ್ಬ, ತೂತುಬಿದ್ದ ಬಾಂಡ್ಲಿ, ಸಿಕ್ಕಿದ್ದಕ್ಕೆಲ್ಲ ಮಣ್ಣು ತುಂಬಿ ಬದನೆ, ಮೆಣಸಿನಕಾಯಿ. ಗೋದಾಮಿನ ಕಿಟಕಿ ಸರಳಿಗೆ ಹೀರೆಬಳ್ಳಿ. ಪಾತ್ರೆ ತೊಳೆದ ನೀರನ್ನು ಯಾರಾದರೂ ಚರಂಡಿಗೆ ಚೆಲ್ಲಿದರೆ ಜಗಳಕ್ಕೇ ನಿಲ್ಲುತ್ತಿದ್ದಳು. ಆಕೆಯ ಕಾಟಕ್ಕೆ ವಠಾರದವರೆಲ್ಲ ಒಂದೊಂದು ಡಬ್ಬ ಇಟ್ಟುಕೊಂಡರು. ತಿಂಗಳಿಗೊಂದು ಭಾನುವಾರ ಅವರವರು ಬೆಳೆದದ್ದನ್ನು ಬೇಯಿಸಿ ತಂದು ಹಿತ್ತಲಲ್ಲಿ ಸಾಲಾಗಿ ಕೂತು ಉಣ್ಣಬೇಕೆಂಬುದೂ ಆಕೆಯದೇ ಕಾನೂನು. ನನ್ನ ಮೊದಲ ಭಾನುವಾರ ನಾಲ್ಕೇ ಬದನೆಕಾಯಿಯ ಗೊಜ್ಜನ್ನು ವಠಾರವೆಲ್ಲ ನೆಕ್ಕಿತು.

ಈ ಸಂಭ್ರಮದ ಹಿಂದಿನ ಸಂಕಟ ಕಾಣಲು ನನಗೆ ಕೆಲವು ದಿನ ಬೇಕಾದವು. ಅಕ್ಕನ ಗಂಡ ಬಿಳಿಗೆರೆಯಲ್ಲಿ ತೆಂಗಿನಕಾಯಿ ಕೀಳುತ್ತಿದ್ದವನು. ಮರದಿಂದ ಬಿದ್ದು ಸೊಂಟ ಮುರಿದ ಮೇಲೆ, ಆಸ್ಪತ್ರೆ ಹತ್ತಿರವಿರಲೆಂದು ಅಕ್ಕ ಅವನನ್ನು ಇಲ್ಲಿಗೆ ತಂದಿದ್ದಳು. ಎದ್ದು ಓಡಾಡುವ ಆಸೆ ಹೋದ ಹಾಗೇ ಅವನಿಗೆ ಅನ್ನದ ಆಸೆಯೂ ಹೋಯಿತು. ಬೇಸಿಗೆ ಹೊತ್ತಿಗೆ ಎರಡು ಗುಟುಕು ಗಂಜಿ ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ. ತಟ್ಟೆ ಕಂಡರೆ ಗೋಡೆಗೆ ಮುಖ ಮಾಡುತ್ತಿದ್ದ. "ನನ್ ಮಕ ನೋಡ್ಕೊಂಡಾದ್ರೂ ಒಂದ್ ತುತ್ತು ತಿನ್ನಿ," ಎಂದು ಅಕ್ಕ ಅಂಗಲಾಚುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ನನ್ನ ತಟ್ಟೆಯ ಅನ್ನ ನನಗೇ ಸೇರುತ್ತಿರಲಿಲ್ಲ.

ಆಗ ನಾನು ತುರುವೇಕೆರೆಯ ತವರಿಗೆ ಹೋಗಿ ಒಂದು ತಿಂಗಳು ಇದ್ದು ಬಂದೆ. ಶನಿವಾರ ಸಂಜೆ ಬಂದೆ, ಮಾರನೆಯ ದಿನವೇ ಊಟದ ಭಾನುವಾರ. ಬೆಳಿಗ್ಗೆ ಹಿತ್ತಲಿಗೆ ಹೋದರೆ ಚಪ್ಪಡಿಯ ಮೇಲೆ ಇಟ್ಟಿಗೆ ಕಟ್ಟಿದ ಹೊಸ ಮಡಿ, ಅದರ ತುಂಬ ಕಳೆ. ಗಂಡನ ಸೇವೆಯಲ್ಲಿ ಪಾಪ ಅಕ್ಕನಿಗೆ ಪುರುಸೊತ್ತಿಲ್ಲ ಎಂದುಕೊಂಡೆ. ನಮ್ಮದು ಬರೀ ತೆಂಗಿನ ತೋಟದ ಮನೆ. ಮರದ ಬುಡದಲ್ಲಿ ಹುಲ್ಲು ಕಂಡರೆ ನಮ್ಮಪ್ಪ ಕೆಂಡವಾಗುತ್ತಿದ್ದರು. ಸೆರಗು ಸಿಕ್ಕಿಸಿ ಒಂದು ಕಡ್ಡಿಯೂ ಬಿಡದಂತೆ ಕಿತ್ತು, ಬೀದಿಯ ಹಸುವಿನ ಮುಂದೆ ಸುರಿದು, ಮಡಿಗೆ ನೀರು ಹಾಕಿ ಕೈ ತೊಳೆದುಕೊಂಡೆ.

ರಾಗಿ ಹಿಟ್ಟು ಬೀಸಿಸಿಕೊಂಡು ಬಂದ ಅಕ್ಕ ಬರಿ ಮಡಿಯ ಮುಂದೆ ನಿಂತಳು.

"ಯಾರೇ ಕಿತ್ತಿದ್ದು?"

"ನಾನೇ ಕಣಕ್ಕ. ಎಷ್ಟು ಕಳೆ ಬಂದಿತ್ತು!"

"ಎಲ್ಲಾಕ್ದೆ?"

ಬೀದಿಯ ಕಡೆ ಕೈ ತೋರಿಸಿದೆ. ಹಿಟ್ಟಿನ ಡಬ್ಬವನ್ನು ಅಲ್ಲೇ ಬಿಟ್ಟು ಓಡಿದಳು. ಹಸುವಿನ ಕೊರಳು ತಬ್ಬಿ ಹಿಂದಕ್ಕೆ ತಳ್ಳಿ, ಅದರ ಬಾಯಿಗೆ ಕೈ ಹಾಕಿ ಸೊಪ್ಪು ಎಳೆದಳು. ಆಮೇಲೆ ನೆಲದ ಮೇಲೆ ಮಂಡಿಯೂರಿ, ತುಳಿದ ಎಲೆಗಳನ್ನು ಒಂದೊಂದಾಗಿ ಆಯ್ದು ಸೆರಗಿಗೆ ಹಾಕಿಕೊಂಡಳು. ನಾನೂ ಕೂತು ಆಯತೊಡಗಿದೆ. ಆಗ ಹೇಳಿದಳು. ನಮ್ಮ ಹೊಲದ ಬೆರಕೆ ಸೊಪ್ಪಿನ ಸಾರಾದರೆ ಉಣ್ಣುತ್ತೇನೆ ಎಂದು ಗಂಡ ಬಾಯಿಬಿಟ್ಟು ಕೇಳಿದ್ದ. ಸುಡುಬೇಸಿಗೆಯಲ್ಲಿ ಹೊಲದಲ್ಲಿ ಸೊಪ್ಪೆಲ್ಲಿ? ಅದಕ್ಕೆ ಅಕ್ಕ ಮೂರು ಸಲ ಬಿಳಿಗೆರೆಗೆ ಹೋಗಿ ಹೊಲದ ಮಣ್ಣನ್ನೇ ಚೀಲಕ್ಕೆ ತುಂಬಿ ಬಸ್ಸಿನಲ್ಲಿ ತಂದಿದ್ದಳು.

"ಅಣ್ಣೆ, ಗೋಣಿ, ಗಣಿಕೆ, ಇವನ್ನ ಯಾರೂ ಬಿತ್ತಲ್ಲ ಕಣೇ. ಬೀಜ ಮಣ್ಣಾಗೇ ಮಲ್ಗಿರ್ತವೆ. ನೀರ್ ಕಂಡ್ರೆ ಏಳ್ತವೆ."

ಒಂದು ಹಿಡಿ ಸಿಕ್ಕಿತು. ಮಧ್ಯಾಹ್ನ ಅವನನ್ನು ಮಂಚದ ಸಮೇತ ಹಿತ್ತಲಿಗೆ ತಂದೆವು. ಅಕ್ಕ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ವಠಾರವೆಲ್ಲ ಉಣ್ಣುವುದನ್ನು ಬಿಟ್ಟು ನೋಡುತ್ತಿತ್ತು. ಅವನು ನುಂಗಿದ. "ನಮ್ಮೊಲದ್ದೇ," ಎಂದ. ಮತ್ತೆ ಬಾಯಿ ತೆರೆದ. ಅರ್ಧ ಮುದ್ದೆ ತಿಂದು, ತಿಂಗಳುಗಳಲ್ಲಿ ಮೊದಲ ಸಲ ತಾನೇ ಕೇಳಿದ.

"ಇನ್ನೊಂಚೂರ್ ಸಾರ್ ಬುಡು."

ಅಕ್ಕ ಸೌಟಿನಿಂದ ಪಾತ್ರೆಯ ತಳ ಕೆರೆದಳು. ಏನೂ ಬರಲಿಲ್ಲ. "ಬೆಳಿಗ್ಗೆ ಹಸ ನುಗ್ಗಿ ಮೇದ್ಬುಡ್ತು. ಒಂದಿಪ್ಪತ್ ದಿನ ತಡೀರಿ, ಮತ್ತೆ ಏಳ್ತವೆ," ಎಂದಳು. ನನ್ನ ಕಡೆ ನೋಡಲೂ ಇಲ್ಲ.

"ಪಾಪ, ಅದ್ಕೂ ಹೊಟ್ಟೆ ಅಲ್ವಾ," ಎಂದ ಅವನು.

ಮಾರನೆಯ ದಿನ ಮತ್ತೆ ಗೋಡೆಗೆ ಮುಖ ಮಾಡಿದ. ನಾನು ಕುಡಿಯುವ ನೀರನ್ನೂ ತಂದು ಆ ಮಡಿಗೆ ಸುರಿದೆ. ದಿನವೂ ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಬೇಗ ಏಳಿ ಎಂದು ಮಣ್ಣಿಗೆ ಕೈ ಮುಗಿದೆ. ಸೊಪ್ಪು ಬೆರಳುದ್ದ ಬಂದಿತ್ತು, ಅಷ್ಟರಲ್ಲಿ ಅವನು ಹೋಗಿಬಿಟ್ಟ.

ಅಕ್ಕ ವಠಾರ ಬಿಟ್ಟು ಬಿಳಿಗೆರೆಗೆ ಹೊರಟ ದಿನ ಅವಳ ಕಾಲು ಹಿಡಿದುಕೊಂಡೆ. ಎಲ್ಲರ ಮುಂದೆ ನಿಜ ಹೇಳಿಬಿಡುತ್ತೇನೆಂದು ಅತ್ತೆ. "ಹೇಳ್ಬ್ಯಾಡ ಕಣೇ. ಇನ್ನೂ ಬಾಳಿ ಬದ್ಕೋಳು ನೀನು. ಹಸ ಅಂತ ಹೇಳಿ ಹೇಳಿ ನಂಗೂ ಈಗ ಹಂಗೇ ಅನ್ಸ್ಬುಟ್ಟದೆ," ಎಂದು ತಲೆ ಸವರಿದಳು.

ಕೆಲವು ವರ್ಷಗಳ ನಂತರ ಅಕ್ಕ ತೀರಿಕೊಂಡಾಗ ಬಿಳಿಗೆರೆಗೆ ಹೋಗಿದ್ದೆ. ಹೆಣದ ಪಕ್ಕ ಕೂತಿದ್ದ ಅವಳ ನಾದಿನಿ ನನ್ನ ಕೈ ಹಿಡಿದು, "ಅವತ್ತು ಆ ಹಾಳು ಹಸ ನುಗ್ಗದೇ ಇದ್ದಿದ್ರೆ ನಮ್ಮಣ್ಣ ಇನ್ನೊಂದ್ ನಾಕ್ ದಿನ ಇರ್ತಿದ್ದ, ಅಲ್ವೇನವ್ವ?" ಎಂದಳು. ಅಕ್ಕ ಸಾಯುವವರೆಗೂ ಬಾಯಿ ಬಿಟ್ಟಿರಲಿಲ್ಲ.

ನಾನು ಹೌದೆಂದು ತಲೆಯಾಡಿಸಿದೆ.