ಖಾಲಿ ಬೋಗಿಯ ಪರೀಕ್ಷೆ

ನಿನ್ನೆ ಕಪಾಟು ಚೊಕ್ಕಟ ಮಾಡುವಾಗ ಪರೀಕ್ಷೆ ಬರೆಯುವ ರಟ್ಟೊಂದು ಕೈಗೆ ಸಿಕ್ಕಿತು. ಅದರ ಮೇಲೆ ನಾಲ್ಕು ಹಳೆಯ ಮೊಬೈಲ್‌ಗಳು, ಕರಗಿ ಅಂಟಿಕೊಂಡ ರಬ್ಬರ್ ಬ್ಯಾಂಡು. ನೋಡಿದ ಕೂಡಲೇ ಮೈ ಉರಿಯಿತು. ರಟ್ಟಿಗೆ ಹಾಗೆ ಮೊಬೈಲ್ ಕಟ್ಟುವುದನ್ನು ಕಲಿಸಿದವರು ನಮ್ಮ ಸಾರ್.

ದೇವನಹಳ್ಳಿಯ ವಿಮಾನ ನಿಲ್ದಾಣ ಆಗಷ್ಟೇ ಶುರುವಾಗಿದ್ದ ಕಾಲ. ಓಡುವ ರೈಲಿನಲ್ಲಿ ಮೊಬೈಲ್ ಸಿಗ್ನಲ್ ಕಡಿಯದಂತೆ ಮಾಡುವ ಪೆಟ್ಟಿಗೆ ತಯಾರಿಸುವ ಸಣ್ಣ ಕಂಪನಿ ನಮ್ಮದು. ದೊಡ್ಡಬಳ್ಳಾಪುರದ ಮಗ್ಗದ ಮನೆಯಿಂದ ಹೋದ ನನಗೆ ಅದು ಮೊದಲ ಕೆಲಸ, ಸಾರ್ ಅಲ್ಲಿ ಹಿರಿಯ ಎಂಜಿನಿಯರ್. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳಿಗೆ ಹೋಗುವ ಹೆಂಗಸರ ನಡುವೆ ನನ್ನನ್ನು ಕೂರಿಸಿ, ರಟ್ಟಿನ ನಾಲ್ಕೂ ಮೊಬೈಲ್‌ಗಳಲ್ಲಿ ಕರೆ ಕಡಿದ ಜಾಗವನ್ನೆಲ್ಲ ಬರೆಸುತ್ತಿದ್ದರು. ಜನ ಒತ್ತಿ ನಿಂತರೆ ಸಿಗ್ನಲ್ ಸೊರಗುತ್ತದೆ, ಮನುಷ್ಯರ ಮೈಗಳೇ ಅದನ್ನು ಹೀರುತ್ತವೆ. "ಖಾಲಿ ಬೋಗೀಲಿ ಟೆಸ್ಟ್ ಮಾಡೋನು ಕಳ್ಳ ಕಣಮ್ಮ," ಎನ್ನುತ್ತಿದ್ದರು. ಅವರ ಡಬ್ಬಿಯ ಚಿತ್ರಾನ್ನದಲ್ಲಿ ನನಗೂ ಪಾಲಿರುತ್ತಿತ್ತು… ದೇವರಂಥ ಮನುಷ್ಯ ಎಂದೇ ನಂಬಿದ್ದೆ. ನನ್ನ ಬುದ್ಧಿಗಿಷ್ಟು!

ಆಮೇಲೆ ಸಾರ್ ಮ್ಯಾನೇಜರ್ ಆದರು, ಡೈರೆಕ್ಟರ್ ಆದರು. ದೇವನಹಳ್ಳಿಯ ಹೋಟೆಲುಗಳಲ್ಲಿ, ವಿಮಾನದಿಂದ ಇಳಿದು ಬಂದವರ ಜೊತೆ ಮೀಟಿಂಗು. ರೈಲಿಗೆ ಮೊಬೈಲ್ ತಂದ ಮಹಾನುಭಾವರು ರೈಲು ಹತ್ತಿ ಎಷ್ಟು ವರ್ಷವಾಗಿತ್ತೋ!

ರೈಲ್ವೆಯ ದೊಡ್ಡ ಆರ್ಡರ್ ಇನ್ನೇನು ಬರಬೇಕು ಎನ್ನುವಾಗ, ಹೊಸ ಪೆಟ್ಟಿಗೆ ತುಂಬಿದ ಬೋಗಿಯಲ್ಲಿ ಸೋತಿತು. ಸೋತಿದೆ ಎಂದೇ ಬರೆದುಕೊಟ್ಟೆ. ಸಾರ್ ಕರೆಸಿದರು.

"ಮಧ್ಯಾಹ್ನದ ಖಾಲಿ ರೈಲಲ್ಲಿ ಇನ್ನೊಂದ್ ಸಲ ಮಾಡ್ಬಿಡಮ್ಮ. ಸಹಿ ನಿಂದೇ ಇರ್ಲಿ, ನಿನ್ನ ಮೇಲೆ ಎಲ್ರಿಗೂ ನಂಬ್ಕೆ."

"ಸಾರ್, ನೀವೇ ಅಲ್ವಾ ಹೇಳ್ಕೊಟ್ಟಿದ್ದು…"

"ಇದೊಂದ್ ಸಲ. ನನ್ ಮಾತಿಗೆ ಬೆಲೆ ಇಲ್ವಾ?"

ಕಲಿಸಿದವರ ಮಾತು ಮೀರಲಾರದೆ ಖಾಲಿ ರೈಲಿನಲ್ಲಿ ಟೆಸ್ಟ್ ಮಾಡಿ, ಗೆದ್ದಿದೆ ಎಂದು ಬರೆದು ಸಹಿ ಹಾಕಿದೆ. ಆ ತಪ್ಪು ನನ್ನದೇ, ಯಾರ ತಲೆಗೂ ಕಟ್ಟುವುದಿಲ್ಲ.

ಪೆಟ್ಟಿಗೆ ಕೂರಿಸಿದ ಮೊದಲ ಬೆಳಿಗ್ಗೆ ತುಂಬಿದ ರೈಲಿನಲ್ಲಿ ಒಂದು ಕರೆಯೂ ಹೋಗಲಿಲ್ಲ. ಜ್ವರದ ಮಗುವನ್ನು ಅತ್ತೆಯ ಬಳಿ ಬಿಟ್ಟು ಬಂದಿದ್ದ ಗಾರ್ಮೆಂಟ್ಸ್ ಹೆಂಗಸೊಬ್ಬಳು ಮತ್ತೆ ಮತ್ತೆ ಮನೆಯ ನಂಬರ್ ಒತ್ತಿ, "ಏನಕ್ಕಾ ನಿಮ್ಮ ಮಿಷಿನ್ನು, ಮೊದ್ಲೇ ವಾಸಿ ಇತ್ತು," ಎಂದಳು. ನಾನು ನಾಚಿ ರಟ್ಟನ್ನು ಬ್ಯಾಗಿನೊಳಗೆ ತುರುಕಿದೆ.

ದೂರು ಹೋಗಿ ಕಂಪನಿಯಲ್ಲಿ ವಿಚಾರಣೆ ನಡೆದ ದಿನ ಸಾರ್ ನನ್ನ ಮುಖವನ್ನೂ ನೋಡದೆ, "ಟೆಸ್ಟ್ ಮಾಡಿದ್ದು ಈಕೆ, ಸಹಿ ನೋಡಿ," ಎಂದರು. ನಂಬಿಸಿ ಕುತ್ತಿಗೆ ಕುಯ್ಯುವುದು ಎಂದರೆ ಇದೇ. ಕೆಲಸ ಹೋಯಿತು, ಹೋಗಲಿ. ಸುಳ್ಳು ವರದಿ ಬರೆಯುವವಳು ಎಂಬ ಹೆಸರು ಅಂಟಿತಲ್ಲ, ಆಮೇಲೆ ಈ ಕಸುಬಿನಲ್ಲಿ ಒಬ್ಬರೂ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಅವರಿಗೆ ಮಾತ್ರ ಮರುವರ್ಷವೇ ಸನ್ಮಾನ, ಹಾರ, ಶಾಲು.

ಕಳೆದ ತಿಂಗಳು ಅವರ ನಂಬರಿನಿಂದ ಮೂರು ಸಲ ಕರೆ ಬಂತು. ಹೆಸರು ಕಂಡದ್ದೇ ಸಿಟ್ಟು ನೆತ್ತಿಗೇರಿ, ಬಡಕೊಳ್ಳಲಿ ಎಂದು ಬಿಟ್ಟೆ. ಹೋದ ವಾರ ಅದೇ ನಂಬರಿನಿಂದ ಅವರ ಮಗಳ ಮೆಸೇಜು: "ಅಪ್ಪ ಹೋಗ್ಬಿಟ್ರು. ನಿಮ್ಮ ಹತ್ರ ಏನೋ ಹೇಳ್ಬೇಕು ಅಂತಿದ್ರು."

ಏನು ಹೇಳಬೇಕಿತ್ತೋ… ತಪ್ಪಾಯಿತು ಎಂದೋ, ಇನ್ನೊಂದು ಸಹಿ ಬೇಕೆಂದೋ. ನನ್ನ ಸಿಟ್ಟು ಇಳಿದಿಲ್ಲ, ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ಆ ಮನುಷ್ಯನೇ ಇಲ್ಲ. ಬೈಯುವುದಕ್ಕಾದರೂ ಒಂದು ಸಲ ಫೋನ್ ಎತ್ತಬೇಕಿತ್ತು.