ಹೊಲದಲ್ಲಿ ನಡೆದು ಮನೆಯಲ್ಲಿ ನಿಂತವನು

ನಮ್ಮ ಮನೆಗೆ ಪದವಿ ಬರುವುದಿಲ್ಲ ಎಂದವನು ನನ್ನ ದೊಡ್ಡಪ್ಪ. ಹಾಗೆ ಹೇಳುವಾಗ ಅವನ ಬಲಗೈ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉರುಳುತ್ತಿತ್ತು, ಕಣ್ಣಿಗೆ ಕಾಣದ ರುದ್ರಾಕ್ಷಿಯೊಂದನ್ನು ಹೊರಳಿಸುತ್ತಿರುವ ಹಾಗೆ. ಕಟ್ಟೆಯ ಮೇಲೆ ಕೂತವರು ಅದನ್ನು ಜಪ ಎಂದುಕೊಂಡಿದ್ದರು. ವಯಸ್ಸಾಗುತ್ತ ಗಂಡನಿಗೆ ಶಿವನ ನೆನಪು ಬಂತಲ್ಲ ಎಂದು ದೊಡ್ಡವ್ವನಿಗೆ ಹಿಗ್ಗು. ಆ ಬೆರಳು ಅವನ ಮಾತು ಕೇಳುವುದನ್ನು ಬಿಟ್ಟಾಗಿತ್ತು ಎಂಬುದು ಯಾರಿಗೂ ಗೊತ್ತಿರಲಿಲ್ಲ.

“ಈಕಿ ಡಿಗ್ರಿ ಮಾಡೂದಂದ್ರ ಕಡ್ಲಿ ಗಿಡಕ್ಕ ಏಣಿ ಹಚ್ಚಿದಂಗ,” ಎಂದು ನನ್ನನ್ನು ತೋರಿಸಿ ಹೇಳಿದ್ದ.

ನಮ್ಮೂರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ದೊಡ್ಡಪ್ಪನ ಮನೆಯಲ್ಲೇ ಇದ್ದೆವು. ಅಲ್ಲಿ ನನಗಿಂತ ಮೊದಲು ಮೆಟ್ರಿಕ್ ಮುಗಿಸಿದವರು ಒಬ್ಬರೂ ಇರಲಿಲ್ಲ. ಕಲಬುರಗಿಯಲ್ಲಿ ಫಿಸಿಯೋಥೆರಪಿ ಸೀಟು ಸಿಕ್ಕಾಗ, ಅಷ್ಟೆಲ್ಲ ಹೇಳಿದವನೇ ನನ್ನ ಟ್ರಂಕು ಹೊತ್ತು ಬಸ್ಸಿನ ತನಕ ಬಂದ. “ಹೋಗು, ನಪಾಸಾಗಿ ಬಾ. ಹತ್ತಿ ಬಿಡಸೂದು ಎಲ್ಲೂ ಓಡಿ ಹೋಗಂಗಿಲ್ಲ,” ಎಂದ. ಅವನು ಆಶೀರ್ವಾದ ಮಾಡುತ್ತಿದ್ದುದೇ ಹಾಗೆ.

ಹತ್ತಿಗೆ ಎಣ್ಣೆ ಹೊಡೆಯುವುದರಲ್ಲಿ ದೊಡ್ಡಪ್ಪನ ಹೆಸರು ದೊಡ್ಡದು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಅನ್ನುತ್ತಾರೆ. ತನ್ನ ಹೊಲ ಮುಗಿಸಿ ಊರವರ ಹೊಲಕ್ಕೂ ಅವನೇ ಹೊಡೆಯುತ್ತಿದ್ದ. ಮುಖಕ್ಕೆ ಬಟ್ಟೆ ಕಟ್ಟುತ್ತಿರಲಿಲ್ಲ. ಮೊಣಕೈ ತನಕ ಕೈ ಇಳಿಸಿ ಡ್ರಮ್ಮಿನ ನೀರಿಗೆ ಎಣ್ಣೆ ಕಲಸುತ್ತಿದ್ದ. ಬಾಟಲಿಯ ಮುಚ್ಚಳ ತೆಗೆದು ಮೂಸಿ, ಇದು ಅಸಲಿ, ಇದು ನಕಲಿ ಎಂದು ಹೇಳುವುದು ಅವನ ಇನ್ನೊಂದು ಹೆಮ್ಮೆ. ಅಂಗಡಿಯವರು ಅವನ ಮೂಗಿಗೆ ಹೆದರುತ್ತಿದ್ದರು.

ನಾನಿನ್ನೂ ಶಾಲೆಯಲ್ಲಿದ್ದಾಗ, ಒಂದು ವರ್ಷ ಅವನು ಮೂಸಿದ ಬಾಟಲಿಗಳೆಲ್ಲ ನಕಲಿಯಾದವು. ಅಂಗಡಿಯವನ ಜೊತೆ ಜಗಳಕ್ಕೇ ನಿಂತ. ಅದೇ ದಿನಗಳಲ್ಲಿ ದೊಡ್ಡವ್ವ ಒಲೆಯ ಮೇಲೆ ಮೆಣಸಿನಕಾಯಿ ಹೊತ್ತಿಸಿಬಿಟ್ಟಳು. ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡಿದರೆ, ಅವನು ಒಲೆಯ ಪಕ್ಕದಲ್ಲೇ ಕೆಮ್ಮುತ್ತ ಕೂತು, ನಿಮಗೆ ಏನು ನಾರುತ್ತಿದೆ ಎಂದು ಕೇಳಿದ. ನೆಗಡಿ ಇರಬೇಕು ಎಂದುಕೊಂಡೆವು. ಆ ನೆಗಡಿ ಹೋಗಲೇ ಇಲ್ಲ.

ನಾನು ಕಾಲೇಜಿಗೆ ಹೋದ ಮೇಲೆ ಅವನು ನಡೆಯುವಾಗ ತಟ್ಟನೆ ನಿಂತುಬಿಡತೊಡಗಿದ. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದಂತಾಗುತ್ತಿತ್ತು. ಹಿಂದಿನಿಂದ ಯಾರೋ ಹಿಡಿದುಕೊಂಡ ಹಾಗಾಗುತ್ತದೆ ಎನ್ನುತ್ತಿದ್ದ. ದೀಪ ಹಚ್ಚುವ ಹೊತ್ತಿಗೆ ಯಜಮಾನನೇ ಬಾಗಿಲಲ್ಲಿ ಕಂಬದ ಹಾಗೆ ನಿಂತರೆ ದೊಡ್ಡವ್ವನ ಎದೆ ಹಾರುತ್ತಿತ್ತು. ವಿಚಿತ್ರವೆಂದರೆ, ಹೊಲದಲ್ಲಿ ಅವನಿಗೆ ಏನೂ ಆಗುತ್ತಿರಲಿಲ್ಲ. ಹತ್ತಿಯ ಸಾಲುಗಳನ್ನು ಅಡ್ಡಡ್ಡ ದಾಟುತ್ತ ಈ ಬದುವಿನಿಂದ ಆ ಬದುವಿಗೆ ನೆಟ್ಟಗೆ ನಡೆಯುತ್ತಿದ್ದ. ಹೊಲದಲ್ಲಿ ನಡೆಯುವ ಕಾಲು ಮನೆಯಲ್ಲಿ ನಿಲ್ಲುತ್ತದೆ ಎಂದ ಮೇಲೆ ದೋಷ ಕಾಲಿನದಲ್ಲ, ಮನೆಯದು ಎಂದು ಊರೇ ತೀರ್ಮಾನ ಮಾಡಿತು.

ಗುರುಮಠಕಲ್ ಕಡೆಯಿಂದ ವಾಸ್ತು ನೋಡುವವನೊಬ್ಬ ಬಂದ. ಕೋಲಿನಿಂದ ಹೊಸ್ತಿಲನ್ನು ಕುಟ್ಟಿ ನೋಡಿ, ಇದು ಯಜಮಾನನನ್ನು ಹಿಡಿದುಕೊಂಡಿದೆ, ಬಿಡುವುದಿಲ್ಲ ಎಂದ. ಮುತ್ಯಾನ, ಅಂದರೆ ಅಜ್ಜನ ಕಾಲದ ಬಾಗಿಲನ್ನು ಇಟ್ಟಿಗೆ ಕಟ್ಟಿ ಮುಚ್ಚಿದರು. ಮೂಡಣ ಗೋಡೆ ಒಡೆದು ಹೊಸ ಚೌಕಟ್ಟು ನಿಲ್ಲಿಸಿದರು.

ಹೊಸ ಬಾಗಿಲಿನ ಪೂಜೆಗೆ ನಾನು ರಜೆಯಲ್ಲಿ ಬಂದಿದ್ದೆ. ಕಾಯಿ ಒಡೆದಾಯಿತು. ಹೊಸ ಧೋತರ ಉಟ್ಟ ದೊಡ್ಡಪ್ಪ ಎಲ್ಲರ ಮುಂದೆ ನಡೆದು ಬಂದ. ಹೊಸ್ತಿಲ ಬಳಿ ಕಾಲು ನಿಂತಿತು, ಮೈ ನಿಲ್ಲಲಿಲ್ಲ. ಹಣೆ ಕಲ್ಲಿಗೆ ಬಡಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅರಿಷಿಣದ ಮೇಲೆ ರಕ್ತ ಹರಿಯಿತು. ಬಂದವರು ಪ್ರಸಾದಕ್ಕೂ ನಿಲ್ಲದೆ ಒಬ್ಬೊಬ್ಬರಾಗಿ ಎದ್ದು ಹೋದರು. ದೊಡ್ಡವ್ವ ಅಳಲಿಲ್ಲ. “ಇದು ಮನಿಗಿ ಹತ್ತಿದ್ದಲ್ಲ, ಇವ್ರಿಗೇ ಹತ್ತೇದ,” ಎಂದಳು.

ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಮಿದುಳಿನ ಪಾಠಗಳನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಸಾಲು ಬಿಡಿಸಿ ಓದಿದ್ದೆ. ಅವನ ಹಣೆಗೆ ಬಟ್ಟೆ ಒತ್ತಿ ಹಿಡಿದಿದ್ದಾಗ ಆ ಸಾಲುಗಳು ನೆನಪಾದವು. ಉರುಳುವ ಬೆರಳು, ನಿಲ್ಲುವ ಕಾಲು. ಕಾಯಿಲೆಯ ಹೆಸರು ನನಗೆ ಗೊತ್ತಿತ್ತು. ಮರುದಿನವೇ ಅವನನ್ನೂ ದೊಡ್ಡವ್ವನನ್ನೂ ಕಲಬುರಗಿಗೆ ಕರೆದುಕೊಂಡು ಹೋದೆ.

ನರರೋಗದ ಡಾಕ್ಟರು ಅವನ ಕೈ ಮಡಚಿ ಬಿಡಿಸಿ ನೋಡಿ, ಮೊದಲು ಕೇಳಿದ್ದು ವಾಸನೆ ಹೋಗಿ ಎಷ್ಟು ಕಾಲವಾಯಿತು ಎಂದು. ದೊಡ್ಡವ್ವ ನನ್ನ ಮುಖ ನೋಡಿದಳು. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಸ ಮಾಡುವ ನರಕೋಶಗಳಿರುತ್ತವೆ, ಅವು ಸಾಯುತ್ತಿವೆ, ಇದು ಪಾರ್ಕಿನ್ಸನ್ ಎಂದರು. ಕೈ ನಡುಗುವ ಹೊತ್ತಿಗೆ ಬಹಳಷ್ಟು ಸತ್ತಿರುತ್ತವಂತೆ. ಎಷ್ಟೋ ಜನರಲ್ಲಿ ಮೂಗು ವರ್ಷಗಳ ಮೊದಲೇ ಹೋಗುತ್ತದಂತೆ. ಎಣ್ಣೆ ಹೊಡೆದದ್ದಕ್ಕೆ ಹೀಗಾಯಿತೇ ಎಂದು ಕೇಳಿದೆ. ಅದೇ ಕಾರಣ ಎನ್ನಲಾರೆ, ಅಲ್ಲ ಎನ್ನಲೂ ಆರೆ ಎಂದರು. ದೊಡ್ಡಪ್ಪ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಗುಳಿಗೆಗಳು ಶುರುವಾದವು. ಕೈ ಸ್ವಲ್ಪ ಹಗುರಾಯಿತು, ಆದರೆ ಕಾಲು ಬಾಗಿಲಲ್ಲಿ ನಿಲ್ಲುವುದು ಬಿಡಲಿಲ್ಲ. ಇನ್ನೊಮ್ಮೆ ಬಿದ್ದು ಸೊಂಟ ಮುರಿದರೆ ಅವನು ಹಾಸಿಗೆ ಬಿಟ್ಟು ಏಳುವುದಿಲ್ಲ ಎಂಬುದು ನನಗೆ ತಿಳಿದಿತ್ತು. ಹೊಲದಲ್ಲಿ ಯಾಕೆ ನಡೆಯುತ್ತಾನೆ ಎಂದು ನಮ್ಮ ಕಾಲೇಜಿನ ಮೇಷ್ಟ್ರನ್ನು ಕೇಳಿದೆ. ಅಲ್ಲಿ ಕಣ್ಣೆದುರು ದಾಟಲು ಸಾಲುಗಳಿವೆಯಲ್ಲ, ಅದಕ್ಕೆ ಎಂದರು. ಅದನ್ನು ಕೇಳಿಕೊಂಡು ಬಂದವಳೇ ಮನೆಯ ನೆಲಕ್ಕೆ, ಹೊಸ್ತಿಲಿಗೆ, ಅಂಗಳಕ್ಕೆ ಅಡ್ಡಡ್ಡ ಸುಣ್ಣದ ಗೆರೆ ಎಳೆದೆ, ಹತ್ತಿಯ ಸಾಲುಗಳ ಹಾಗೆ, ಒಂದೊಂದು ಹೆಜ್ಜೆ ಅಂತರಕ್ಕೆ.

“ಮನ್ಯಾಗ ಹತ್ತಿ ಬಿತ್ತಾಕತ್ತಿಯೇನ್ ಯವ್ವಾ?” ಎಂದ.

“ಮಾತ್ ಸಾಕು. ಗೆರಿ ನೋಡು, ದಾಟು.”

ಒಂದು ಗೆರೆ ದಾಟಿದ. ಇನ್ನೊಂದು ದಾಟಿದ. ಹೊಸ್ತಿಲು ದಾಟಿ ಅಂಗಳಕ್ಕೆ ಬಂದು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ.

ತಲೆಯೊಳಗೆ ಏನು ನಡೆದಿದೆ, ತನಗೆ ತಿಳಿಯುವಂತೆ ಹೇಳು ಎಂದು ಅವತ್ತು ಹಟ ಹಿಡಿದ. ಹೇಳಿದೆ. ಕೂಸು ಬಿದ್ದು ಎದ್ದು ನಡೆಯಲು ಕಲಿಯುವಾಗ ನರಕೋಶ ನರಕೋಶಕ್ಕೆ ಕೈ ಕೊಟ್ಟು ದಾರಿ ಮಾಡಿಕೊಳ್ಳುತ್ತವೆ. ತುಳಿದಷ್ಟೂ ಆ ದಾರಿ ಗಟ್ಟಿಯಾಗುತ್ತದೆ, ಆಮೇಲೆ ನಡೆಯಲು ಯೋಚನೆಯೇ ಬೇಕಿಲ್ಲ. ನಿನ್ನ ಆ ದಾರಿ ಕೆಟ್ಟಿದೆ. ಕಣ್ಣು ಗೆರೆಯನ್ನು ಕಂಡಾಗ ಅಪ್ಪಣೆ ಬೇರೆ ದಾರಿಯಿಂದ ಕಾಲಿಗೆ ಹೋಗುತ್ತದೆ, ದಿನಾ ನಡೆದರೆ ಅದೂ ರೂಢಿಯಾಗುತ್ತದೆ. ಸತ್ತ ಕೋಶಗಳು ಮಾತ್ರ ತಿರುಗಿ ಬರುವುದಿಲ್ಲ. ಉಳಿದವೂ ಒಂದೊಂದೇ ಹೋಗುತ್ತಿರುತ್ತವೆ. ಸುಳ್ಳು ಹೇಳಿದರೆ ಅವನಿಗೆ ಗೊತ್ತಾಗುತ್ತಿತ್ತು, ಅದಕ್ಕೆ ಅದನ್ನೂ ಹೇಳಿದೆ.

ದಿನಾ ಬೆಳಿಗ್ಗೆ ನಡೆದ. ಓಣಿಯವರು ಗೋಡೆಯ ಮೇಲಿಂದ ಇಣುಕಿ, ಮಗಳು ಹಾಕಿದ ಗೆರೆಯಲ್ಲಿ ಕುಂಟಾಬಿಲ್ಲೆ ಆಡುತ್ತಾನೆ ಎಂದು ನಕ್ಕರು. ಊರಿಗೆಲ್ಲ ಜೋರು ಮಾಡಿದ ಮನುಷ್ಯ ತಲೆ ತಗ್ಗಿಸಿ ಗೆರೆ ನೋಡುತ್ತ ನಡೆದ. ನಾನು ರಜೆಗೆ ಬಂದಿದ್ದಾಗ ಮಳೆಗೆ ಅಂಗಳದ ಗೆರೆ ಅಳಿಸಿಹೋದ ದಿನ ಬಾಗಿಲಲ್ಲೇ ಕೂತು, ನಾನು ಸುಣ್ಣ ಕಲಸುವ ತನಕ ಕಾದ.

ಈಗ ನಾನು ಶಹಾಪುರದಲ್ಲಿ ಕೆಲಸ ಮಾಡುತ್ತೇನೆ. ಕೈ ನಡುಗುವ ಗಂಡಸರು ಬರುತ್ತಾರೆ. ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಲು ಒಮ್ಮೊಮ್ಮೆ ನನಗೇ ಭಯ. ನೆಲಕ್ಕೆ ಗೆರೆ ಎಳೆದು ಅವರನ್ನು ನಡೆಸುತ್ತೇನೆ. ಎಲ್ಲಿ ಕಲಿತೆ ಎಂದು ಕೇಳಿದವರಿಗೆ ಕಾಲೇಜಿನ ಹೆಸರು ಹೇಳುವ ಮೊದಲು ದೊಡ್ಡಪ್ಪನನ್ನು ಹೇಳುತ್ತೇನೆ. ಅವನು ಈಗಿಲ್ಲ. ಕೊನೆಯ ವರ್ಷ ಗೆರೆಗಳನ್ನು ಕಂಡರೂ ಅವನ ಕಾಲು ಏಳಲಿಲ್ಲ.

ಪದವಿಪತ್ರ ಬಂದಾಗ ಮಾತ್ರ ಅವನಿನ್ನೂ ನಡೆಯುತ್ತಿದ್ದ. ಬಸ್ಸಿಳಿದು ನೇರ ಮನೆಗೆ ಹೋಗಿ, ಅವ್ವನಿಗೂ ತೋರಿಸುವ ಮೊದಲು ಅವನ ಕೈಗೆ ಕೊಟ್ಟೆ. ಕೈ ಧೋತರಕ್ಕೆ ಒರೆಸಿಕೊಂಡು ಇಸಿದುಕೊಂಡ. ಕಾಗದ ಪಟಪಟ ನಡುಗಿತು. ಇಂಗ್ಲಿಷು ಅವನಿಗೆ ಬಾರದು. ಆದರೂ ಮೇಲಿಂದ ಕೆಳಗಿನ ತನಕ ಕಣ್ಣಾಡಿಸಿದ, ತಿರುಗಿಸಿ ಹಿಂದಿನ ಖಾಲಿ ಬದಿಯನ್ನೂ ನೋಡಿದ. ಆಮೇಲೆ ದೊಡ್ಡವ್ವನಿಗೆ ಕೇಳಿಸದ ಹಾಗೆ ನನ್ನ ಕಡೆ ಬಾಗಿದ.

“ಇದರಾಗ ಎಲ್ಲ್ಯಾದ್ರೂ ಬರದಾರೇನ್ ಯವ್ವಾ, ನಾ ಇನ್ನ ಎಷ್ಟ್ ದಿನ ನಡೀತೀನಿ ಅಂತ?”