ವಸೂಲಿಯವನಿಗೇ ಬಂದ ಫೋನು

ಹೊಲಿಗೆ ಅಂಗಡಿಯ ಅಕ್ಕ ಮನೆ ಸಾಲ ಕೇಳಲು ಹೋದಾಗ, ಆರು ವರ್ಷದ ಹಿಂದಿನ ಫ್ರಿಜ್ಜಿನ ಕಂತು ಬಾಕಿಯಿದೆಯೆಂದು ಬ್ಯಾಂಕಿನವರು ಅರ್ಜಿ ವಾಪಸ್ ಕೊಟ್ಟರು. ಇಷ್ಟು ದಿನ ವಸೂಲಿಯವನು ಫೋನ್ ಮಾಡಿದಾಗಲೆಲ್ಲ ಅವಳು ಮುದುಕಿಯ ದನಿ ತೆಗೆದು, "ಮಗಳು ಊರಲ್ಲಿಲ್ಲಪ್ಪಾ" ಎಂದು ಜಾರಿಕೊಳ್ಳುತ್ತಿದ್ದಳು. ಈಗ ಅವಳೇ ಅವನಿಗೆ ಫೋನ್ ಮಾಡಿದಳು.

"ಬಾಕಿ ಕಟ್ತೀನಿ, ಬನ್ನಿ."

"ಯಾರ್ರೀ ನೀವು? ನನಗೇ ಟೋಪಿ ಹಾಕ್ತೀರಾ?" ಎಂದು ಅವನು ಫೋನಿಟ್ಟ. ಮೂರು ಸಲ ಮಾಡಿದರೂ ಹೀಗೇ ಆಯಿತು. ಬೇರೆ ದಾರಿ ಕಾಣದೆ ಅಕ್ಕ ಮತ್ತೆ ಫೋನ್ ಮಾಡಿ, ಮುದುಕಿಯ ದನಿ ತೆಗೆದು, "ಮಗಳು ಬಂದಿದ್ದಾಳಪ್ಪಾ" ಎಂದಳು.

ಅರ್ಧ ಗಂಟೆಯಲ್ಲಿ ಅವನು ಅಂಗಡಿ ಬಾಗಿಲಲ್ಲಿದ್ದ. ಅಕ್ಕ ಪಟ್ಟು ಹಿಡಿದು ಬಡ್ಡಿ ಬಿಡಿಸಿ, ಬಾಕಿ ತೀರಿತೆಂದು ಬರೆಸಿಕೊಂಡೇ ದುಡ್ಡು ಕೊಟ್ಟಳು.

"ಅಮ್ಮನಿಗೆ ನಮಸ್ಕಾರ ಹೇಳಿ. ಪಾಪ, ತುಂಬಾ ಒಳ್ಳೆಯವರು" ಎಂದ ಅವನು. ಅಕ್ಕ ನಗು ತಡೆಯಲು ಸೂಜಿಗೆ ದಾರ ಪೋಣಿಸತೊಡಗಿದಳು.

ತಿಂಗಳೊಳಗೆ ಮನೆ ಸಾಲ ಮಂಜೂರಾಯಿತು.